ಎತ್ತರ ಬಾನೆಟ್ಟಿನ ಜೀಪು

ಜೀಪು ಎನ್ನುವುದು ಒಂದು ಕಂಪನಿಯ ಸ್ವತ್ತಾದ ಹೆಸರು ಎಂದರೆ ಮಲೆನಾಡಿನ ಕಡೆ ಯಾರೂ ಸುಲಭಕ್ಕೆ ನಂಬುವುದಿಲ್ಲ. ಅಲ್ಲಿ ಜೀಪು ಒಂದು ಜಾತಿ, ಎತ್ತು ಎಮ್ಮೆ ಇದ್ದ ಹಾಗೆ. ಎಮ್ಮೆಗೆ ಒಬ್ಬ ಮಾಲೀಕ ಇರಬಹುದು, 'ಎಮ್ಮೆ' ಎಂಬ ಪದಕ್ಕೆ ಹೇಗೆ ಇರುತ್ತಾನೆ? ಕನ್ನಡವೂ ಆ ಪದವನ್ನು ಹಾಗೆಯೇ ನಡೆಸಿಕೊಂಡಿದೆ. ಹೊರಗಿನಿಂದ ಬಂದ ಪದ ವ್ಯಂಜನದಲ್ಲಿ ಮುಗಿದರೆ ನಾವು ಅದಕ್ಕೊಂದು ಉಕಾರ ಅಂಟಿಸುತ್ತೇವೆ. ಹಿಂದಿನ ಸ್ವರ ಹ್ರಸ್ವವಾಗಿದ್ದರೆ ವ್ಯಂಜನವನ್ನು ಒತ್ತಿ ಹೇಳುತ್ತೇವೆ, ದೀರ್ಘವಾಗಿದ್ದರೆ ಹಾಗೇ ಬಿಡುತ್ತೇವೆ. ಬಸ್ಸು, ಪೆನ್ನು ಒಂದು ಕಡೆ. ಕಾರು, ಬೋಟು, ಜೀಪು ಇನ್ನೊಂದು ಕಡೆ. ಯಾರೂ ಕಲಿಸದೆ ಎಲ್ಲರಿಗೂ ಬರುವ ವ್ಯಾಕರಣ ಇದು. ಜೀಪಿಗೆ, ಜೀಪಿನಲ್ಲಿ, ಜೀಪುಗಳು ಎಂದು ವಿಭಕ್ತಿ ಹಚ್ಚಿಕೊಂಡು ಓಡಾಡತೊಡಗಿದ ಮೇಲೆ ಆ ಪದ ಯಾವ ಕಂಪನಿಯ ಮಾತನ್ನೂ ಕೇಳುವುದಿಲ್ಲ.

ಮುಂಬಯಿಯಲ್ಲಿ ಪರಿಸ್ಥಿತಿ ಬೇರೆ. ಇಲ್ಲಿನ ಹುಡುಗರಿಗೆ ಚಪ್ಪಟೆ ಮೂತಿಯ, ಚೌಕಟ್ಟಾದ, ದಪ್ಪ ಟೈರಿನ ಗಾಡಿಯೆಲ್ಲ 'ಥಾರ್'. ಥಾರ್ ಬಂದಿದ್ದು 2010ರಲ್ಲಿ. ಅದರ ಅಜ್ಜ, ಮುತ್ತಜ್ಜ ಇದೇ ಊರಿನಲ್ಲಿ, ನಾನು ಕೂತು ಬರೆಯುತ್ತಿರುವ ಕೋಣೆಯಿಂದ ಮೂರು ಕಿಲೋಮೀಟರು ಆಚೀಚೆ ದೂರದಲ್ಲಿ ಪೆಟ್ಟಿಗೆಯಿಂದ ಹೊರಬಂದು ಜೋಡಣೆಯಾದವು ಎಂದರೆ, ಅವರೂ ನಂಬುವುದಿಲ್ಲ.

ನಾನಿರುವುದು ಗ್ರಾಂಟ್ ರೋಡಿನಲ್ಲಿ. 1835ರಿಂದ 38ರವರೆಗೆ ಬಾಂಬೆಯ ಗವರ್ನರ್ ಆಗಿದ್ದ ರಾಬರ್ಟ್ ಗ್ರಾಂಟ್ ಹೆಸರಿನ ರಸ್ತೆ. ಕಾಗದದ ಮೇಲೆ ಈಗ ಅದು ಮೌಲಾನಾ ಶೌಕತ್ ಅಲಿ ರಸ್ತೆ, ಬಾಯಲ್ಲಿ ಮತ್ತು ರೈಲ್ವೆ ಬೋರ್ಡಿನಲ್ಲಿ ಇನ್ನೂ ಗ್ರಾಂಟ್ ರೋಡೇ. ಸ್ಟೇಷನ್ನಿನಿಂದ ಪೂರ್ವಕ್ಕಿಳಿದು ಲ್ಯಾಮಿಂಗ್ಟನ್ ರೋಡ್ ಹಿಡಿದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳು, ದಕ್ಷಿಣಕ್ಕೆ ಒಪೆರಾ ಹೌಸ್ ಕಡೆ ಸರಿದರೆ ಮೋಟಾರು ಬಿಡಿಭಾಗಗಳ ಅಂಗಡಿಗಳು. ಇನ್ನೂ ಪೂರ್ವಕ್ಕೆ ನಡೆದರೆ ಮಟನ್ ಸ್ಟ್ರೀಟ್, ಅಂದರೆ ಚೋರ್ ಬಜಾರ್. ಅನುವಾದದ ಕೆಲಸಕ್ಕೆ ಬೇಕಾದ ಏನೂ ಅಲ್ಲಿ ಸಿಗುವುದಿಲ್ಲ. ಆದರೂ ಆ ಬೀದಿಗಳ ಪರಿಚಯ ನನಗೆ ಚೆನ್ನಾಗಿದೆ, ಅದಕ್ಕೆ ಕಾರಣ ನನ್ನ ಸೋದರಮಾವ.

ಮಾವನದು ಮೂಡಿಗೆರೆ ಸೀಮೆಯ ಸಣ್ಣ ಕಾಫಿ ತೋಟ. ಅವರ ಹತ್ತಿರ ಒಂದು ಜೀಪಿದೆ. ಅದರ ನಂಬರು ಇನ್ನೂ ಎಂವೈ ಎಂದೇ ಶುರುವಾಗುತ್ತದೆ. ಅಂದರೆ 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರುವುದಕ್ಕೂ ಮೊದಲಿನ ಗಾಡಿ. ನಾನು ಗ್ರಾಂಟ್ ರೋಡಿಗೆ ಬಂದು ಸಾಮಾನು ಇಳಿಸಿದ ವಾರದಲ್ಲೇ ಅವರ ಫೋನು ಬಂತು.

"ನೀ ಅಲ್ಲೇ ಇದ್ದೀಯಲ್ಲೋ, ಒಂದ್ಸಲ ನೋಡ್ಕಂಡು ಬಾ ಮಾರಾಯ. ಟ್ರಾನ್ಸ್‌ಫರ್ ಕೇಸಿನೊಳಗಿನ ಶಾಫ್ಟು, ಇಂಟರ್‌ಮೀಡಿಯೆಟ್ ಶಾಫ್ಟು ಅಂತ ಕೇಳು. ಹಳೇದಾದ್ರೂ ಅಡ್ಡಿಲ್ಲ, ಒರಿಜಿನಲ್ ಆಗಿರ್ಬೇಕು."

"ಒರಿಜಿನಲ್ ಅಂದ್ರೆ ಯಾವುದು ಮಾವ? ಅಮೆರಿಕದ್ದಾ, ಮಹೀಂದ್ರದ್ದಾ?"

"ಎಂತ ಕೇಳ್ತೀಯೋ. ಒರಿಜಿನಲ್ ಅಂದ್ರೆ ಒರಿಜಿನಲ್."

ಅಂಗಡಿಯವರ ಹತ್ತಿರ ಆ ಪದಕ್ಕೆ ಇನ್ನೂ ಸೂಕ್ಷ್ಮವಾದ ಮೆಟ್ಟಿಲುಗಳಿದ್ದವು: ಒರಿಜಿನಲ್, ಕಂಪನಿ ಮಾಲ್, ಲೋಕಲ್, ಡೂಪ್ಲಿಕೇಟ್. 'ಒರಿಜಿನಲ್' ಬೇರೆ, 'ಕಂಪನಿ ಮಾಲ್' ಬೇರೆ ಎಂದು ಒಬ್ಬರು ಬಹಳ ಹೊತ್ತು ವಿವರಿಸಿದರು. ಮೂಲ, ಅನುವಾದ, ರೂಪಾಂತರ, ಭಾವಾನುವಾದ ಎಂದು ನಾವು ತರಗತಿಯಲ್ಲಿ ಹಂಚಿಕೊಳ್ಳುವ ವಿಭಾಗಗಳಿಗಿಂತ ಅವರ ವಿಭಾಗಗಳು ಸ್ಪಷ್ಟವಾಗಿದ್ದವು, ಪ್ರತಿಯೊಂದಕ್ಕೂ ಒಂದು ದರ ಬೇರೆ ಇತ್ತು.

ಶಾಫ್ಟನ್ನು ಪೇಪರಿನಲ್ಲಿ ಸುತ್ತಿಕೊಂಡು, ಮಂಗಳೂರಿನ ಬಸ್ಸಿಗೆ ಹಾಕಲು ದಾದರಿಗೆ ಲೋಕಲ್ ಹತ್ತಿದೆ. ಗ್ರೀಸು ವಾಸನೆ ಹೊಡೆಯುವ ಕಬ್ಬಿಣದ ತುಂಡು ಹಿಡಿದವರನ್ನು ಮುಂಬಯಿ ಲೋಕಲ್ಲಿನಲ್ಲಿ ಯಾರಾದರೂ ಮಾತಾಡಿಸದೆ ಬಿಡುವುದಿಲ್ಲ. ಯಾವ ಗಾಡಿಯದ್ದು? ಅಷ್ಟು ಹಳೆಯದು ಇನ್ನೂ ಓಡುತ್ತದೆಯೇ? ಮಾರುತ್ತಾರಾ? ಮೈಲೇಜ್ ಎಷ್ಟು? ಕೊನೆಯ ಪ್ರಶ್ನೆಗೆ ಉತ್ತರ ಹೇಳದಿರುವುದೇ ಒಳ್ಳೆಯದು. ಒಬ್ಬರು ಮಾತ್ರ ನಿಜವಾದ ಪ್ರಶ್ನೆ ಕೇಳಿದರು: "ಇದು ಮಾಡುವುದೇನು?" ಚರ್ನಿ ರೋಡಿನಿಂದ ಹತ್ತಿ ಬಂದಿದ್ದ ಅವರಿಗೆ ಪರೇಲ್ ಕಡೆಯ ತಿರುವು ಬರುವಷ್ಟರಲ್ಲಿ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಾಮಾನ್ಯ ಕಾರಿನಲ್ಲಿ ಇಂಜಿನ್ನಿನ ಶಕ್ತಿ ಗೇರ್‌ಬಾಕ್ಸ್ ದಾಟಿ ಎರಡು ಚಕ್ರಕ್ಕೆ ಹೋಗುತ್ತದೆ. ಉಳಿದೆರಡು ಸುಮ್ಮನೆ ಉರುಳುತ್ತವೆ. ಜೀಪಿನಲ್ಲಿ ಗೇರ್‌ಬಾಕ್ಸಿನ ಬೆನ್ನಿಗೆ ಇನ್ನೊಂದು ಪೆಟ್ಟಿಗೆ ಅಂಟಿಕೊಂಡಿರುತ್ತದೆ. ಅದೇ ಟ್ರಾನ್ಸ್‌ಫರ್ ಕೇಸು. ಅಲ್ಲಿಂದ ಒಂದು ದಂಡ ಹಿಂದಿನ ಆಕ್ಸಲ್ಲಿಗೆ, ಒಂದು ಮುಂದಿನದಕ್ಕೆ. ಹಾಗಾಗಿ ಡ್ರೈವರ್ ಪಕ್ಕದಲ್ಲಿ ನೆಲದಿಂದ ಎದ್ದ ಲಿವರುಗಳು ಒಂದಲ್ಲ, ಮೂರು. ಉದ್ದನೆಯದು ಮಾಮೂಲಿ ಗೇರು. ಗಿಡ್ಡವೆರಡರಲ್ಲಿ ಒಂದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡುತ್ತದೆ. ಇನ್ನೊಂದು 'ಲೋ'ಗೆ ಹಾಕಿದರೆ ಎಲ್ಲ ಗೇರುಗಳೂ ಇನ್ನಷ್ಟು ಕೆಳಗಿಳಿಯುತ್ತವೆ: ಚಕ್ರ ಬಹಳ ನಿಧಾನಕ್ಕೆ, ಬಹಳ ಬಲವಾಗಿ ತಿರುಗುತ್ತದೆ. ತಲೆ ಮೇಲೆ ಮೂಟೆ ಹೊತ್ತವರು ಗುಡ್ಡ ಹತ್ತುವಾಗ ಹೆಜ್ಜೆ ಚಿಕ್ಕದು ಮಾಡಿಕೊಳ್ಳುವುದಿಲ್ಲವೇ, ಹಾಗೆ. ಜೀಪು ಕೆಸರಿನಿಂದ ಏಳುವುದು ವೇಗದಿಂದಲ್ಲ. ಹೊಸದಾಗಿ ಕಲಿತವರು ಆಕ್ಸಿಲರೇಟರ್ ತುಳಿದು ತುಳಿದು ಇನ್ನಷ್ಟು ಹೂಳುತ್ತಾರೆ. ಅನುಭವ ಇದ್ದವರು ಲೋ ಫಸ್ಟಿಗೆ ಹಾಕಿ, ಕಾಲು ತೆಗೆದು, ಬೀಡಿ ಹಚ್ಚುತ್ತಾರೆ.

ಹಾಗಾದರೆ ಯಾವಾಗಲೂ ನಾಲ್ಕು ಚಕ್ರಕ್ಕೂ ಶಕ್ತಿ ಕೊಟ್ಟೇ ಓಡಿಸಬಾರದೇಕೆ? ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಹೋಗುತ್ತವೆ, ಹೆಚ್ಚು ದೂರ ಉರುಳಬೇಕಾಗುತ್ತದೆ. ಈ ಹಳೆಯ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದು ಹಿಂದುಗಳ ನಡುವೆ ಹೊಂದಾಣಿಕೆಗೆ ಡಿಫರೆನ್ಷಿಯಲ್ ಇಲ್ಲ, ಎರಡನ್ನೂ ಒಂದೇ ವೇಗದಲ್ಲಿ ತಿರುಗಿಸುತ್ತದೆ. ಕೆಸರಿನಲ್ಲಿ ಯಾವುದೋ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರು ರಸ್ತೆಯಲ್ಲಿ ಜಾರಲು ಜಾಗವಿಲ್ಲ. ಹಲ್ಲುಗಳೆಲ್ಲ ಬಿಗಿದು ಸ್ಟೀರಿಂಗ್ ಕಲ್ಲಾಗುತ್ತದೆ, ಏನಾದರೊಂದು ಸವೆಯುತ್ತದೆ ಅಥವಾ ಮುರಿಯುತ್ತದೆ. ನನ್ನ ಕೈಯಲ್ಲಿದ್ದ ಶಾಫ್ಟಿನಂಥವು ಹೀಗೆಯೇ ಸವೆಯುವುದು.

ಈ ವ್ಯವಸ್ಥೆ ಹುಟ್ಟಿದ ರೀತಿ ವಿಚಿತ್ರ. 1940ರ ಜುಲೈನಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಟೆಂಡರ್ ಕರೆಯಿತು: ಹಗುರವಾದ, ನಾಲ್ಕೂ ಚಕ್ರ ತಿರುಗುವ ಒಂದು ಗಸ್ತು ಗಾಡಿ ಬೇಕು, ಮಾದರಿಯನ್ನು 49 ದಿನದಲ್ಲಿ ಒಪ್ಪಿಸಬೇಕು. ತೂಕದ ಮಿತಿ 1300 ಪೌಂಡು, ಸುಮಾರು 590 ಕಿಲೋ. ಆ ತೂಕಕ್ಕೆ ಅಂಥ ಗಾಡಿ ಆಗುವುದಿಲ್ಲ ಎಂದು ಎಂಜಿನಿಯರುಗಳಿಗೆ ಗೊತ್ತಿತ್ತು. ಅಮೆರಿಕದ ದೊಡ್ಡ ಕಂಪನಿಗಳು ಕಣ್ಣೆತ್ತಿಯೂ ನೋಡಲಿಲ್ಲ. ಮುಂದೆ ಬಂದಿದ್ದು ಎರಡೇ: ಒಹಾಯೊ ರಾಜ್ಯದ ಟೊಲಿಡೊದ ವಿಲ್ಲಿಸ್ ಓವರ್‌ಲ್ಯಾಂಡ್, ಮತ್ತು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಅಮೆರಿಕನ್ ಬ್ಯಾಂಟಮ್. ಬ್ಯಾಂಟಮ್ ಎಂದರೆ ಗಿಡ್ಡ ಜಾತಿಯ ಕೋಳಿ. ಕಂಪನಿಯೂ ಹಾಗೇ ಇತ್ತು. ಬ್ರಿಟನ್ನಿನ ಆಸ್ಟಿನ್ ಮಾದರಿಯ ಪುಟ್ಟ ಕಾರು ಮಾಡಿ, ಮಾರಾಟವಾಗದೆ, ಮುಚ್ಚುವ ಸ್ಥಿತಿಗೆ ಬಂದಿತ್ತು.

ಬ್ಯಾಂಟಮ್ ಬಳಿ ವಿನ್ಯಾಸ ಮಾಡಬಲ್ಲ ಎಂಜಿನಿಯರೇ ಇರಲಿಲ್ಲ. ಡೆಟ್ರಾಯ್ಟಿನಿಂದ ಕಾರ್ಲ್ ಪ್ರಾಬ್‌ಸ್ಟ್ ಎಂಬ ಬಿಡಿ ಎಂಜಿನಿಯರನ್ನು ಕರೆಸಿತು. ಇಂದಿನ ಮಾತಿನಲ್ಲಿ ಫ್ರೀಲ್ಯಾನ್ಸರ್. ಜುಲೈ 17ಕ್ಕೆ ಕೂತವರು ಎರಡು ದಿನದಲ್ಲಿ ನಕ್ಷೆ ಮುಗಿಸಿದರು. ನಮ್ಮ ಕಸುಬಿನವರಿಗೆ ಈ ಸಂಗತಿ ಓದಿದಾಗ ಒಂದು ವಿಶೇಷ ಸಂಕಟವಾಗುತ್ತದೆ, ಗಡುವು ಹೀಗೆ ಇರುವುದು, ಹೆಸರು ಬೇರೆಯವರಿಗೆ ಹೋಗುವುದು ಎರಡೂ ಪರಿಚಿತ. ಸೆಪ್ಟೆಂಬರ್ 23ರಂದು ಪ್ರಾಬ್‌ಸ್ಟ್ ಮತ್ತು ಸಂಗಡಿಗರು ಕೈಯಲ್ಲೇ ಮಾಡಿದ ಆ ಮೊದಲ ಗಾಡಿಯನ್ನು ಬಟ್ಲರಿನಿಂದ ಬಾಲ್ಟಿಮೋರಿನ ಸೇನಾ ಶಿಬಿರದವರೆಗೆ ಓಡಿಸಿಕೊಂಡೇ ಹೋಗಿ, ಗಡುವಿಗೆ ಅರ್ಧ ಗಂಟೆ ಉಳಿದಿರುವಾಗ ಒಪ್ಪಿಸಿದರು.

ಗಾಡಿ ಸೇನೆಗೆ ಇಷ್ಟವಾಯಿತು. ಕಂಪನಿಯ ಮೇಲೆ ನಂಬಿಕೆ ಬರಲಿಲ್ಲ. ಅಷ್ಟು ಸಣ್ಣ ಕಾರ್ಖಾನೆ ಲಕ್ಷಗಟ್ಟಲೆ ಗಾಡಿ ಹೇಗೆ ಮಾಡೀತು? ಬ್ಯಾಂಟಮ್ಮಿನ ನಕ್ಷೆಗಳನ್ನು ಸೇನೆ ವಿಲ್ಲಿಸ್ ಮತ್ತು ಫೋರ್ಡ್ ಎರಡಕ್ಕೂ ತೋರಿಸಿತು. ವಿಲ್ಲಿಸ್ ಬಳಿ ಬಾರ್ನಿ ರೂಸ್ ಎಂಬ ಎಂಜಿನಿಯರ್ ತಿದ್ದಿ ಗಟ್ಟಿ ಮಾಡಿದ್ದ 60 ಅಶ್ವಶಕ್ತಿಯ ಇಂಜಿನ್ ಇತ್ತು, ಬ್ಯಾಂಟಮ್ಮಿನದಕ್ಕಿಂತ ಬಹಳ ಬಲಶಾಲಿ. ಗುತ್ತಿಗೆ ವಿಲ್ಲಿಸ್‌ಗೆ ಹೋಯಿತು. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲಿಸ್ ಸುಮಾರು 3.6 ಲಕ್ಷ, ಫೋರ್ಡ್ ಸುಮಾರು 2.8 ಲಕ್ಷ ಗಾಡಿ ಮಾಡಿದ್ದವು. ಮೊದಲು ಮಾಡಿದ ಬ್ಯಾಂಟಮ್ ಪಾಲಿಗೆ ಬಂದದ್ದು 2,700ರ ಆಸುಪಾಸು, ಆಮೇಲೆ ಆ ಜೀಪುಗಳ ಹಿಂದೆ ಕಟ್ಟುವ ಟ್ರೇಲರು ಮಾಡುವ ಕೆಲಸ.

ಜೀಪಿನ ಗುರುತು ಎಂದರೆ ಮುಂಭಾಗದ ಉದ್ದುದ್ದ ಸೀಳುಗಳ ಜಾಲರಿ, ಅಲ್ಲವೇ? ಅದು ವಿಲ್ಲಿಸ್‌ನದೂ ಅಲ್ಲ. ವಿಲ್ಲಿಸ್ ಮೊದಲು ಕಬ್ಬಿಣದ ಪಟ್ಟಿಗಳನ್ನು ಬೆಸುಗೆ ಹಾಕಿ ಜಾಲರಿ ಮಾಡುತ್ತಿತ್ತು. ಒಂದೇ ತಗಡನ್ನು ಒತ್ತಿ, ಒಂಬತ್ತು ಸೀಳು ಕತ್ತರಿಸಿದರೆ ಹಗುರ ಮತ್ತು ಅಗ್ಗ ಎಂದು ಕಂಡುಕೊಂಡದ್ದು ಫೋರ್ಡ್. ಯುದ್ಧದ ನಂತರ ದೊಡ್ಡ ಹೆಡ್‌ಲೈಟಿಗೆ ಜಾಗ ಮಾಡಿಕೊಡಲು ಒಂಬತ್ತು ಏಳಾದವು. ಈ ಏಳು ಸೀಳಿನ ಮಾತು ಮುಂದೆ ನ್ಯಾಯಾಲಯದಂಥ ಜಾಗದಲ್ಲಿ ಮತ್ತೆ ಬರುತ್ತದೆ, ನೆನಪಿರಲಿ.

ಹೆಸರಿನ ಕಥೆ ಕೇಳದೆ ಯಾರೂ ಬಿಡುವುದಿಲ್ಲ. 'ಜನರಲ್ ಪರ್ಪಸ್' ಎಂಬುದರ ಮೊದಲಕ್ಷರಗಳಾದ ಜಿ, ಪಿ ಸೇರಿ ಜೀಪ್ ಆಯಿತು ಎಂದು ಶಾಲೆಯಲ್ಲಿ ನಮಗೆಲ್ಲ ಹೇಳಿದ್ದರು. ಅನುಮಾನ ಪಡಲು ಕಾರಣವಿದೆ. ಫೋರ್ಡ್ ಕಂಪನಿಯ ಸಂಕೇತದಲ್ಲಿ ಜಿ ಎಂದರೆ ಸರಕಾರಿ ಗುತ್ತಿಗೆ, ಪಿ ಎಂದರೆ 80 ಇಂಚು ವೀಲ್‌ಬೇಸಿನ ಗಸ್ತು ಗಾಡಿ. 'ಪರ್ಪಸ್' ಅಲ್ಲಿ ಎಲ್ಲೂ ಇಲ್ಲ. ಇನ್ನೊಂದು ಕಡೆ, 1936ರಲ್ಲೇ ಪಪಾಯ್ ಕಾಮಿಕ್ಸಿನಲ್ಲಿ ಯೂಜೀನ್ ದ ಜೀಪ್ ಎಂಬ ಪುಟ್ಟ ಪ್ರಾಣಿ ಬಂದಿತ್ತು. ಎಲ್ಲಿ ಬೇಕಾದರೂ ನುಗ್ಗುವ, ಅಸಾಧ್ಯವಾದದ್ದನ್ನು ಮಾಡುವ ಮಾಯಾ ಪ್ರಾಣಿ. ಸೈನಿಕರ ಬಾಯಲ್ಲಿ ಆ ಪದ ಆಗಲೇ ಓಡಾಡುತ್ತಿತ್ತು. 1941ರ ಫೆಬ್ರುವರಿಯಲ್ಲಿ ವಿಲ್ಲಿಸ್ ಚಾಲಕನೊಬ್ಬ ವಾಷಿಂಗ್ಟನ್ನಿನ ಸಂಸತ್ ಭವನದ ಮೆಟ್ಟಿಲುಗಳ ಮೇಲೆ ಗಾಡಿ ಹತ್ತಿಸಿ ತೋರಿಸಿದ, ಪತ್ರಿಕೆಯಲ್ಲಿ ಅದು 'ಜೀಪ್' ಎಂಬ ಹೆಸರಿನೊಂದಿಗೆ ಅಚ್ಚಾಯಿತು. ಮೊದಲಕ್ಷರ ಸೇರಿಸಿ ಪದ ಬಿಡಿಸುವುದು ಜನರಿಗೆ ಪ್ರೀತಿಯ ಆಟ, ಆದರೆ ಹೆಚ್ಚಿನ ಸಲ ಪದ ಮೊದಲು ಹುಟ್ಟಿರುತ್ತದೆ, ವಿಸ್ತರಣೆ ಆಮೇಲೆ ಹುಟ್ಟುತ್ತದೆ.

ವಿಲ್ಲಿಸ್ 1943ರಲ್ಲಿ ಆ ಹೆಸರನ್ನು ತನ್ನದಾಗಿಸಿಕೊಳ್ಳಲು ಅರ್ಜಿ ಹಾಕಿತು, ಜೀಪನ್ನು ಸೃಷ್ಟಿಸಿದ್ದು ತಾನೇ ಎಂದು ಜಾಹೀರಾತನ್ನೂ ಕೊಟ್ಟಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1948ರಲ್ಲಿ ಆ ಮಾತು ಸುಳ್ಳು ಎಂದು ತೀರ್ಪು ಕೊಟ್ಟಿತು: ಕಲ್ಪನೆ ಬ್ಯಾಂಟಮ್ ಮತ್ತು ಸೇನೆಯ ಅಧಿಕಾರಿಗಳದ್ದು. ಆದರೂ 1950ರಲ್ಲಿ ಹೆಸರಿನ ನೋಂದಣಿ ಆದದ್ದು ವಿಲ್ಲಿಸ್‌ಗೇ. ಸೃಷ್ಟಿ ಒಬ್ಬರದು, ಹೆಸರು ಇನ್ನೊಬ್ಬರದು ಎಂದು ಸರಕಾರವೇ ಬರೆದುಕೊಟ್ಟಂತಾಯಿತು.

ಈಗ ಮುಂಬಯಿ. 1945ರ ಅಕ್ಟೋಬರ್ 2ರಂದು ಇಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಒಂದು ಕಂಪನಿ ಶುರುವಾಯಿತು. ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಜೆ.ಸಿ. ಮಹೀಂದ್ರ, ಕೆ.ಸಿ. ಮಹೀಂದ್ರ ಅಣ್ಣತಮ್ಮಂದಿರು, ಜೊತೆಗೆ ಮಲಿಕ್ ಗುಲಾಮ್ ಮೊಹಮ್ಮದ್. ಎರಡೇ ವರ್ಷದಲ್ಲಿ ದೇಶ ಇಬ್ಭಾಗವಾಯಿತು. ಗುಲಾಮ್ ಮೊಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಅಲ್ಲಿನ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಕಂಪನಿ ಮಹೀಂದ್ರ ಅಂಡ್ ಮಹೀಂದ್ರ ಎಂದು ಹೆಸರು ಬದಲಿಸಿಕೊಂಡಿತು. ಕಾಗದಪತ್ರಗಳ ಮೇಲೆ ಆಗಲೇ ಎಂ ಅಂಡ್ ಎಂ ಎಂದು ಅಚ್ಚಾಗಿದ್ದರಿಂದ ಅದೇ ಅಕ್ಷರ ಉಳಿಸಿಕೊಂಡರು ಎಂಬ ಕಥೆ ಹೇಳುತ್ತಾರೆ. ವಿಭಜನೆಯ ಇಷ್ಟೊಂದು ಕಥೆಗಳ ನಡುವೆ ಈ ಕಥೆ ಯಾಕೋ ನನ್ನ ಮನಸ್ಸಿನಲ್ಲಿ ನಿಂತಿದೆ. ಇಂದಿಗೂ ಪ್ರತಿ ಗಾಡಿಯ ಕಾಗದದ ಮೇಲೆ ಇರುವ ಎರಡನೇ 'ಎಂ' ಮೊದಲು ಬೇರೆಯೇ ಒಬ್ಬರದು.

ಕೆ.ಸಿ. ಮಹೀಂದ್ರ ಯುದ್ಧದ ಕಾಲದಲ್ಲಿ ವಾಷಿಂಗ್ಟನ್ನಿನಲ್ಲಿ ಭಾರತದ ಸರಬರಾಜು ನಿಯೋಗದ ಮುಖ್ಯಸ್ಥರಾಗಿದ್ದವರು. ವಿಲ್ಲಿಸ್ ಜೊತೆಗಿನ ನಂಟು ಅಲ್ಲಿಂದ ಶುರುವಾದದ್ದು. 1949ರ ಜೂನಿನಲ್ಲಿ ಮೊದಲ 75 ಜೀಪುಗಳು ಬಂದವು. ಬಂದವು ಎಂದರೆ ಓಡಿಕೊಂಡಲ್ಲ, ಬಿಚ್ಚಿದ ಸ್ಥಿತಿಯಲ್ಲಿ, ಹಡಗಿನಲ್ಲಿ. ಹೀಗೆ ತಂದರೆ ಹಡಗಿನಲ್ಲಿ ಜಾಗ ಕಡಿಮೆ ಸಾಕು, ಜೋಡಣೆಯ ಕೆಲಸವೂ ಇಲ್ಲಿಯವರಿಗೆ. ಗೋದಿಗಳ ಪಕ್ಕದ ಮಝಗಾಂವ್‌ನಲ್ಲಿ ಅವು ಜೀಪುಗಳಾದವು. ಗ್ರಾಂಟ್ ರೋಡಿನಿಂದ ಪೂರ್ವಕ್ಕೆ ದ್ವೀಪವನ್ನು ಅಡ್ಡ ದಾಟಿದರೆ ಸಿಗುವ ಜಾಗ ಅದು.

ಜೋಡಣೆಯ ಕಾರ್ಖಾನೆ ಮುಂಬಯಿಗೆ ಹೊಸದೇನಲ್ಲ. ಜನರಲ್ ಮೋಟಾರ್ಸ್ 1928ರಿಂದಲೇ ಶಿವಡಿಯಲ್ಲಿ ಷೆವರ್ಲೆ ಜೋಡಿಸುತ್ತಿತ್ತು. 1953ರಲ್ಲಿ ಸರಕಾರ ಒಂದು ಗೆರೆ ಎಳೆಯಿತು: ಇಲ್ಲೇ ಬಿಡಿಭಾಗ ತಯಾರಿಸುವ ಯೋಜನೆ ಇದ್ದವರು ಮಾತ್ರ ಉಳಿಯಬಹುದು, ಬರೀ ಪೆಟ್ಟಿಗೆ ಬಿಚ್ಚಿ ಬೋಲ್ಟು ಬಿಗಿಯುವವರು ಹೊರಡಬೇಕು. ಜನರಲ್ ಮೋಟಾರ್ಸ್, ಫೋರ್ಡ್ ಹೊರಟವು. ಮಹೀಂದ್ರ 1954ರಿಂದ ವಿಲ್ಲಿಸ್ ಸಹಯೋಗದಲ್ಲಿ ತಯಾರಿಕೆಗೇ ಇಳಿಯಿತು. ಆ ಹೊತ್ತಿಗೆ ಅಮೆರಿಕದಲ್ಲಿ ಚಾಲ್ತಿಗೆ ಬಂದಿದ್ದ ಮಾದರಿಯೇ ಸಿಜೆ-3ಬಿ, ಅಂದರೆ ನನ್ನ ಮಾವನ ಜೀಪು. ಸಿಜೆ ಎಂದರೆ ಸಿವಿಲಿಯನ್ ಜೀಪ್, ಸೇನೆಯಿಂದ ಬಿಡುಗಡೆಯಾದದ್ದು.

ಇದರ ಗುರುತು ಹಿಡಿಯುವುದು ಸುಲಭ, ಬಾನೆಟ್ಟು ನೋಡಿ. ಯುದ್ಧದ ಜೀಪುಗಳಿಗೆ ತಗ್ಗು ಬಾನೆಟ್ಟು, ಸಿನಿಮಾದಲ್ಲಿ ನೋಡಿರುತ್ತೀರಿ. ಅವುಗಳ ಇಂಜಿನ್ನಿನಲ್ಲಿ ಎರಡೂ ಬಗೆಯ ವಾಲ್ವು ಕೆಳಗೆ ಬ್ಲಾಕಿನಲ್ಲೇ ಇರುತ್ತಿದ್ದವು. ಹೊಸ 'ಹರಿಕೇನ್' ಇಂಜಿನ್ನಿನಲ್ಲಿ ಗಾಳಿ ಎಳೆಯುವ ವಾಲ್ವನ್ನು ಮೇಲಕ್ಕೆ, ಹೆಡ್ಡಿಗೆ ತಂದರು. ಅದೇ 2199 ಸಿಸಿ, ಶಕ್ತಿ ಜಾಸ್ತಿ; ಆದರೆ ಇಂಜಿನ್ ಎತ್ತರವಾಗಿ ಹಳೆಯ ಬಾನೆಟ್ಟಿನ ಕೆಳಗೆ ಹಿಡಿಸಲಿಲ್ಲ. ಹೊಸ ಶರೀರ ವಿನ್ಯಾಸ ಮಾಡುವ ಬದಲು ಮೂತಿಯನ್ನೇ ಎತ್ತರಿಸಿಬಿಟ್ಟರು. ಹಣೆ ದೊಡ್ಡದಾದ ಹುಡುಗನ ಹಾಗೆ ಕಾಣುತ್ತದೆ, ಅಂದ ಎಂದು ಹೇಳಲಾರೆ. ಅಮೆರಿಕದಲ್ಲಿ 1968ರ ಹೊತ್ತಿಗೆ, ಸುಮಾರು 1.55 ಲಕ್ಷ ಗಾಡಿಗಳ ನಂತರ ಅದನ್ನು ನಿಲ್ಲಿಸಿದರು. ನಿಂತದ್ದು ಅಲ್ಲಿ. ಜಪಾನಿನ ಮಿತ್ಸುಬಿಷಿ ಅದೇ ವಂಶದ ಜೀಪನ್ನು 1998ರವರೆಗೆ ಮಾಡಿತು. ನಮ್ಮಲ್ಲಿ ಆ ಎತ್ತರದ ಮೂತಿ ಹೆಸರು ಬದಲಿಸಿಕೊಂಡು, ಡೀಸೆಲ್ ಇಂಜಿನ್ ತುಂಬಿಕೊಂಡು ದಶಕಗಳ ಕಾಲ ಓಡಿತು. ಹುಟ್ಟಿದ ಊರಲ್ಲಿ ಮರೆತ ರೂಪವೇ ಇಲ್ಲಿ ಜೀಪಿನ ಮೂಲರೂಪವಾಯಿತು. ನನ್ನ ತಲೆಮಾರಿನ ಮಲೆನಾಡಿನವರಿಗೆ ಜೀಪಿನ ಚಿತ್ರ ಬರೆ ಎಂದರೆ ಎತ್ತರದ ಬಾನೆಟ್ಟೇ ಬರೆಯುತ್ತೇವೆ.

ಹಳ್ಳಿಗೆ ಜೀಪು ಬಂದದ್ದು ಸರಕಾರದ ರೂಪದಲ್ಲಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಬ್ಲಾಕುಗಳಾದವು, ಬ್ಲಾಕಿಗೊಬ್ಬ ಬಿಡಿಒ, ಬಿಡಿಒಗೊಂದು ಜೀಪು. ಅರಣ್ಯ ಇಲಾಖೆ, ಪೊಲೀಸು, ಮಲೇರಿಯಾ ಔಷಧಿ ಹೊಡೆಯುವವರು, ಚುನಾವಣೆಗೆ ಮೈಕು ಕಟ್ಟಿಕೊಂಡು ಬರುವವರು, ಎಲ್ಲರೂ ಜೀಪಿನಲ್ಲೇ. "ಜೀಪು ಬಂತು" ಎಂಬ ವಾಕ್ಯದಲ್ಲಿ ವಾಹನದ ಸುದ್ದಿಗಿಂತ ಹೆಚ್ಚಿನದು ಇರುತ್ತಿತ್ತು. ಕಡಿದ ಮರ ಮುಚ್ಚಿಡಬೇಕೋ, ಕುರ್ಚಿ ಹೊರಗೆ ತರಬೇಕೋ ಎಂದು ಶಬ್ದ ಕೇಳಿಯೇ ಹೇಳುವವರಿದ್ದರು. ಇಂಗ್ಲಿಷಿಗೂ ಇದು ಒಂದು ಪದ ಕೊಟ್ಟಿತು: ಜೀಪೇಬಲ್. ಲೋಕೋಪಯೋಗಿ ಇಲಾಖೆಯ ವರದಿಗಳಲ್ಲಿ, ಚಾರಣದ ನಕ್ಷೆಗಳಲ್ಲಿ ರಸ್ತೆ ಎನ್ನಲಾಗದ, ದಾರಿ ಎಂದು ಬಿಡಲೂ ಆಗದ ದಾರಿಗೆ ಆ ಹೆಸರು. ಅದಕ್ಕೆ ಕನ್ನಡದಲ್ಲಿ ಒಂದೇ ಪದ ಕೊಡಿ ಎಂದು ನನ್ನನ್ನು ಕೇಳಿದರೆ ಕಷ್ಟ. "ಜೀಪು ಹೋಗ್ತದೆ" ಎನ್ನುತ್ತಾರೆ ನಮ್ಮ ಕಡೆ, ಅದಕ್ಕಿಂತ ಒಳ್ಳೆಯ ಅನುವಾದ ನನ್ನ ಬಳಿಯೂ ಇಲ್ಲ.

ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿ ಹತ್ತಿದವರಿಗೆ ಆ ಪದದ ಅರ್ಥ ಸೊಂಟದಲ್ಲಿ ಉಳಿದಿರುತ್ತದೆ. 1343 ಮೀಟರಿನ ಆ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಬಾಡಿಗೆ ಜೀಪುಗಳು ಕೊರಕಲುಗಳ ಮೇಲೆ ಹತ್ತುವ ರೀತಿ ನೋಡಿದರೆ ಟ್ರಾನ್ಸ್‌ಫರ್ ಕೇಸಿನ ಬಗ್ಗೆ ನಾನು ಮೇಲೆ ಬರೆದ ಎರಡು ಪ್ಯಾರಾ ಅನಗತ್ಯ. ಮಡಿಕೇರಿಯ ಮಾಂದಲಪಟ್ಟಿಯಲ್ಲೂ ಇದೇ. ಪ್ರವಾಸಿಗರು ಬರುವ ಮೊದಲು ಈ ಜೀಪುಗಳ ಕೆಲಸ ಬೇರೆ ಇತ್ತು. ನನ್ನ ಅತ್ತೆಯನ್ನು ಹೆರಿಗೆಗೆ ಆಸ್ಪತ್ರೆಗೆ ಕರೆದೊಯ್ದದ್ದು ಆಷಾಢದ ಒಂದು ರಾತ್ರಿ, ಹಳ್ಳ ತುಂಬಿದ್ದಾಗ. ಮಾವ ಫ್ಯಾನ್ ಬೆಲ್ಟು ಬಿಚ್ಚಿಟ್ಟು, ಅಂದರೆ ಫ್ಯಾನು ನೀರು ಎರಚಿ ಇಂಜಿನ್ ಬಂದ್ ಆಗದ ಹಾಗೆ ಮಾಡಿಕೊಂಡು, ಲೋ ಗೇರಿನಲ್ಲಿ ಹಳ್ಳ ದಾಟಿಸಿದರು. ಅವರ ಮಗಳಿಗೆ ಈಗ ಮೂವತ್ತರ ಮೇಲಾಯಿತು. ಜೀಪನ್ನು ಮಾರಿಬಿಡಿ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ಅವಳೊಬ್ಬಳು ಹೇಳುವುದಿಲ್ಲ.

ನಡುವೆ ಜೋಂಗಾ ಬಗ್ಗೆ ಎರಡು ಮಾತು, ಏಕೆಂದರೆ ಜೀಪಿನ ಮಾತೆತ್ತಿದರೆ ಕೊಡಗಿನ ಓದುಗರು ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಜೀಪಲ್ಲ. ಜಪಾನಿನ ನಿಸಾನ್ ಪಟ್ರೋಲ್ ಗಾಡಿಯನ್ನು ಸೇನೆಗೆಂದು ಜಬಲ್‌ಪುರದಲ್ಲಿ 1969ರಿಂದ ತಯಾರಿಸಿದರು. ಜಬಲ್‌ಪುರ್ ಆರ್ಡ್‌ನನ್ಸ್ ಅಂಡ್ ಗನ್‌ಕ್ಯಾರೇಜ್ ಅಸೆಂಬ್ಲಿ ಎಂಬುದರ ಅಕ್ಷರಗಳನ್ನು ಕೂಡಿಸಿ ಇಟ್ಟ ಹೆಸರು ಅದು. ಜೀಪಿನ ವಿಷಯದಲ್ಲಿ ಕಟ್ಟುಕಥೆಯಾದದ್ದು ಇಲ್ಲಿ ನಿಜ. ಆರು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಕುಡಿಯುವ ಚಟ ವಿಪರೀತ. ಸೇನೆ ಹರಾಜು ಹಾಕಿದಾಗ ತೋಟಗಳಿಗೂ ಬಂದವು, ಬಂದ ಕೂಡಲೇ ಬಹುಪಾಲಿಗೆ ಡೀಸೆಲ್ ಹೃದಯದ ಕಸಿಯಾಯಿತು.

ಕಸಿ ಎಂದೆ. ಮಾವನ ಜೀಪಿಗೂ ಆಗಿದೆ. 1980ರ ದಶಕದಲ್ಲಿ ಮಹೀಂದ್ರ ಫ್ರಾನ್ಸಿನ ಪ್ಯೂಜೊ ಕಂಪನಿಯ 2112 ಸಿಸಿ ಡೀಸೆಲ್ ಇಂಜಿನ್ ತಯಾರಿಸತೊಡಗಿದಾಗ ಹಳೆಯ ಪೆಟ್ರೋಲ್ ಜೀಪಿನವರು ಸಾಲುಗಟ್ಟಿ ಅದನ್ನು ಹಾಕಿಸಿಕೊಂಡರು. ಮಾವನೂ ಹಾಕಿಸಿದರು. ಸ್ಟೀರಿಂಗ್ ಬಾಕ್ಸು ಬದಲಾಯಿತು, ಬ್ರೇಕು ಬದಲಾಯಿತು, ಹಿಂದಿನ ತಗಡು ತುಕ್ಕು ಹಿಡಿದು ಹಾಸನದಲ್ಲಿ ಹೊಸದಾಗಿ ಬಡಿಸಿದ್ದು. ಈಗ ಅದರಲ್ಲಿ ಅಮೆರಿಕದ ವಿನ್ಯಾಸ, ಮುಂಬಯಿಯ ಚಾಸಿ, ಫ್ರಾನ್ಸಿನ ಇಂಜಿನ್, ಹಾಸನದ ಮೈ, ಚೋರ್ ಬಜಾರಿನ ಶಾಫ್ಟು ಇವೆ. ಅದಕ್ಕೇ ಮಾವ ಒರಿಜಿನಲ್ ಬೇಕು ಎನ್ನುವುದು.

ಈ ಗೊಂದಲ ಮಾವನೊಬ್ಬರದಲ್ಲ. ಲ್ಯಾಂಡ್ ರೋವರಿನ ಮೊದಲ ಮಾದರಿಯನ್ನು ಬ್ರಿಟನ್ನಿನಲ್ಲಿ ಜೀಪಿನ ಚಾಸಿಯ ಮೇಲೆಯೇ ಕಟ್ಟಿದ್ದು. ಟೊಯೋಟಾ 1951ರಲ್ಲಿ ತನ್ನ ಗಾಡಿಯನ್ನು 'ಟೊಯೋಟಾ ಜೀಪ್' ಎಂದೇ ಕರೆದು, ಹೆಸರು ಬೇರೆಯವರದೆಂದು ಬಿಟ್ಟುಕೊಟ್ಟು, ಲ್ಯಾಂಡ್ ಕ್ರೂಸರ್ ಎಂದಿತು. ಇತ್ತ ಜೀಪ್ ಎಂಬ ಹೆಸರೇ ವಿಲ್ಲಿಸ್‌ನಿಂದ ಕೈಸರ್, ಅಲ್ಲಿಂದ ಅಮೆರಿಕನ್ ಮೋಟಾರ್ಸ್, 1987ರಲ್ಲಿ ಕ್ರೈಸ್ಲರ್, ಆಮೇಲೆ ಇಟಲಿಯ ಫಿಯಟ್ ಹೀಗೆ ಕೈ ಬದಲಿಸುತ್ತ ಹೋಯಿತು.

2018ರಲ್ಲಿ ಮಹೀಂದ್ರ ಅಮೆರಿಕದಲ್ಲಿ ರಾಕ್ಸರ್ ಎಂಬ ಗಾಡಿ ಬಿಡುಗಡೆ ಮಾಡಿತು. ಹೆದ್ದಾರಿಗಲ್ಲ, ಹೊಲ ಕಾಡಿಗೆ ಮಾತ್ರ. ಬಿಡಿಭಾಗಗಳು ಭಾರತದಿಂದ ಪೆಟ್ಟಿಗೆಯಲ್ಲಿ ಹೋಗುತ್ತಿದ್ದವು, ಜೋಡಣೆ ಮಿಷಿಗನ್ ರಾಜ್ಯದ ಆಬರ್ನ್ ಹಿಲ್ಸಿನಲ್ಲಿ. ಅದು ಕ್ರೈಸ್ಲರಿನ ಮುಖ್ಯ ಕಚೇರಿ ಇರುವ ಊರು. ಟೊಲಿಡೊದಿಂದ ಮಝಗಾಂವ್‌ಗೆ ಬಂದ ಪೆಟ್ಟಿಗೆಗಳು 69 ವರ್ಷಗಳ ನಂತರ ಮರುಪ್ರಯಾಣ ಮಾಡಿದ ಹಾಗೆ. ಫಿಯಟ್ ಕ್ರೈಸ್ಲರ್ ಅದೇ ವರ್ಷ ಅಮೆರಿಕದ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟಿತು: ಚೌಕಟ್ಟಾದ ಮೈ, ಚಪ್ಪಟೆ ಬದಿಗಳು, ಮುಂದಕ್ಕೆ ಕಿರಿದಾಗುವ ಬಾನೆಟ್ಟು, ಹೊರಗೆ ಕಾಣುವ ಬಾನೆಟ್ಟಿನ ಕೊಂಡಿ, ಉದ್ದ ಸೀಳುಗಳ ಜಾಲರಿ, ಇವೆಲ್ಲ ಸೇರಿದ ರೂಪ ಜೀಪಿನ ಸ್ವತ್ತು. 2020ರ ಜೂನಿನಲ್ಲಿ ಆಯೋಗ ಆ ವಾದವನ್ನು ಒಪ್ಪಿ ರಾಕ್ಸರನ್ನು ತಡೆಯಿತು. ಮಹೀಂದ್ರ ಮೂತಿ ಬದಲಿಸಿತು, ಡಿಸೆಂಬರಿನಲ್ಲಿ ಹೊಸ ಮೂತಿಗೆ ಒಪ್ಪಿಗೆ ಸಿಕ್ಕಿತು.

ಕಾನೂನಿನ ದೃಷ್ಟಿಯಲ್ಲಿ ತೀರ್ಪು ಸರಿಯೇ ಇರಬಹುದು. ಅಮೆರಿಕದ ಗ್ರಾಹಕ ಆ ರೂಪ ನೋಡಿದರೆ ಯಾವ ಕಂಪನಿ ನೆನೆಯುತ್ತಾನೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ನನಗೆ ಕಸಿವಿಸಿಯಾಗುವುದು ಬೇರೆ ಕಾರಣಕ್ಕೆ. ಆ ರೂಪವನ್ನು ಮೊದಲು ಎಳೆದದ್ದು ದಿವಾಳಿಯಂಚಿನ ಬ್ಯಾಂಟಮ್ಮಿನ ಬಿಡಿ ಎಂಜಿನಿಯರ್. ಜಾಲರಿ ಕತ್ತರಿಸಿದ್ದು ಫೋರ್ಡ್. ಅದನ್ನು ಅಷ್ಟು ವರ್ಷ ಬಿಡದೆ ಬಡಿದು, ಬೆಸೆದು, ದುಡಿಸಿ ಜೀವಂತ ಇಟ್ಟವರಲ್ಲಿ ಮುಂಬಯಿ, ಹಾಸನ, ಮೂಡಿಗೆರೆಯವರೂ ಇದ್ದಾರೆ. ಒಪ್ಪಂದ ಮಾಡಿಕೊಂಡೇ ಪಡೆದ ಅನುವಾದದ ಹಕ್ಕಿನಲ್ಲಿ, ಮೂಲದ ನಾಡಿನವರು ಆ ಪುಸ್ತಕದ ಅಚ್ಚು ನಿಲ್ಲಿಸಿದ ಮೇಲೂ ಆವೃತ್ತಿ ಮೇಲೆ ಆವೃತ್ತಿ ತಂದವರನ್ನು ನಕಲು ಮಾಡಿದವರು ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಅಮೆರಿಕದಲ್ಲಿ ಹೀಗೆ, ನಮ್ಮಲ್ಲಿ ಒರಿಜಿನಲ್ ಎಂಬ ಪದ ಇನ್ನೊಂದು ಬಾಗಿಲಿನಿಂದ ಬಂತು. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗಳಿಗೆ 'ವಿಂಟೇಜ್' ನೋಂದಣಿ ಸಿಗುವಂತಾಯಿತು. ನಂಬರಿನಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ. ಮಾವನ ಜೀಪಿಗೆ ವಯಸ್ಸಿನ ಅರ್ಹತೆ ಇದೆ. ಪೇಪರಿನಲ್ಲಿ ಓದಿ ಉತ್ಸಾಹದಿಂದ ಫೋನು ಮಾಡಿದರು, ನಿಯಮವನ್ನು ಕನ್ನಡದಲ್ಲಿ ಹೇಳು ಎಂದರು. ನಾನು ಹೇಳಿದೆ: ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಮೈ, ಇಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಹೊರಗೆ ತರಬಹುದು, ನಿತ್ಯದ ಓಡಾಟಕ್ಕೆ ಇಲ್ಲ.

"ಕಾಫಿ ಮೂಟೆ?"

"ಇಲ್ಲ ಮಾವ."

"ಕೆಲಸದೋರನ್ನ ಕರ್ಕಂಡು ಬರೋದು?"

"ಅದೂ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಹಿಂದೆ ಪಲ್ಪರ್ ಯಂತ್ರದ ಸದ್ದು ಕೇಳುತ್ತಿತ್ತು. ಆಮೇಲೆ, ಹಳೆಯ ಹರಿಕೇನ್ ಇಂಜಿನ್ ಮಾರಿಲ್ಲ, ಕಣದ ಪಕ್ಕದ ಶೆಡ್ಡಿನಲ್ಲಿ ಗೋಣಿ ಹೊದಿಸಿ ಇಟ್ಟಿದ್ದೇನೆ ಎಂದರು. ನನಗದು ಗೊತ್ತಿರಲಿಲ್ಲ. ಡೀಸೆಲ್ ಇಂಜಿನ್ನಿಗೆ ಎರಡನೇ ಕೈಯಲ್ಲಿ ಇನ್ನೊಂದು ಜೀಪು ನೋಡಬಹುದು, ಇದನ್ನು ಇದ್ದ ಹಾಗೆ ಮಾಡಿ ಇಡಬಹುದು, ಮಗಳೂ ಅದನ್ನೇ ಹೇಳುತ್ತಾಳೆ ಎಂದರು. ಹಾಗೇ ಮಾಡುತ್ತೇನೆ ಎಂದೇನೂ ಹೇಳಲಿಲ್ಲ.

ಈ ವಾರ ಮತ್ತೆ ಫೋನು ಬಂದಿದೆ. ಹರಿಕೇನಿನ ಎಕ್ಸಾಸ್ಟ್ ವಾಲ್ವು ನಾಲ್ಕು, ಒಂದು ಸೆಟ್ಟು ಪಿಸ್ಟನ್ ರಿಂಗು. ಒಪೆರಾ ಹೌಸ್ ಕಡೆಯ ಇಬ್ಬರು ಇಲ್ಲ ಎಂದಿದ್ದಾರೆ. ಮಟನ್ ಸ್ಟ್ರೀಟಿನಲ್ಲಿ ಒಬ್ಬರು ಶುಕ್ರವಾರ ಬನ್ನಿ ಎಂದು ಹೇಳಿ, ರಿಂಗು ಲೋಕಲ್ ಬೇಕೋ ಒರಿಜಿನಲ್ ಬೇಕೋ ಎಂದು ಕೇಳಿದ್ದಾರೆ.